ಮುಚ್ಚಳದ ಮೇಲಿನ ವಿಭೂತಿ ಗೆರೆ

ಆ ಗೆರೆಯನ್ನು ಅಳಿಸಿದವನು ನಾನು. ನನ್ನ ತಾಯಿ ಹಾಲಮ್ಮ ಸಾರಿನ ಕೊಳಗದ ಮುಚ್ಚಳದ ಮೇಲೆ ತನ್ನ ಬೆರಳಿನಿಂದ ಎಳೆದಿದ್ದ ವಿಭೂತಿಯ ಗೆರೆ — ಅದನ್ನು ನನ್ನ ಹೆಗಲ ವಲ್ಲಿಯಿಂದ ಒರೆಸಿ ಹಾಕಿದೆ. ಕೈತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ. ಏನಾಗುತ್ತದೆಂದು ಗೊತ್ತಿದ್ದೇ ಒರೆಸಿದೆ.

ಇದನ್ನು ಈಗ ಯಾಕೆ ಹೇಳುತ್ತಿದ್ದೀನಿ? ಹೋದ ವಾರ ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. ನನ್ನ ಮೊಮ್ಮಗಳು ಗಿರಿಜೆ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, "ಇವತ್ತು ಹಾಲಮ್ಮಜ್ಜಿ ಕೈ ಆಗೈತೆ" ಅಂದಳು. ಎಲ್ಲರೂ ನಕ್ಕರು. ಅದು ನಮ್ಮ ಮನೆಯ ಹಳೆಯ ಮಾತು, ಹೊಸದೇನಲ್ಲ. ಉಪ್ಪು ಹೆಚ್ಚಾದಾಗೆಲ್ಲ ಸತ್ತುಹೋದ ನನ್ನ ತಾಯಿಯ ಹೆಸರು ಬರುತ್ತದೆ. ಗಿರಿಜೆ ಅವಳನ್ನು ಕಣ್ಣಿಂದ ಕಂಡವಳೂ ಅಲ್ಲ. ನಾನೂ ನಕ್ಕೆ. ಇಷ್ಟು ವರ್ಷ ನಕ್ಕಂತೆಯೇ ನಕ್ಕೆ. ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡು ಎದ್ದೆ.

ಅವ್ವ ಯಲ್ಲದಕೆರೆಯ ಕಡೆಯವಳು. ಅಪ್ಪ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ದುರ್ಗದಲ್ಲಿ ನಮಗೆ ಇದ್ದದ್ದು ಒಂದು ಮನೆ, ಅದರ ಮುಂದೊಂದು ಉದ್ದನೆಯ ಜಗುಲಿ, ಅಷ್ಟೆ. ಕಚೇರಿ ಕೆಲಸಕ್ಕೆಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದವರು ಬಿಸಿಲಿಗೆ ಆ ಜಗುಲಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಣಗಿದ ರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದವರನ್ನು ನೋಡಲಾರದೆ ಅವ್ವ ಒಳಗಿನಿಂದ ಒಂದು ಸೌಟು ಸಾರು ತಂದು ಹಾಕಿದಳಂತೆ. ಮರುದಿನ ಅವರೇ ಕೇಳಿ ಹಾಕಿಸಿಕೊಂಡರಂತೆ. ನಮ್ಮ ಖಾನಾವಳಿ ಹುಟ್ಟಿದ್ದು ಹಾಗೆ. ಬೋರ್ಡಿಲ್ಲ, ಬಾಗಿಲಿಗೆ ತೋರಣವಿಲ್ಲ. ಯಲ್ಲದಕೆರೆಯಲ್ಲಿ ಅವಳ ತಾಯಿ ಮಾಡುತ್ತಿದ್ದ ಅಡುಗೆಯೇ ಇಲ್ಲಿಯೂ — ಮುದ್ದೆ, ಹುರುಳಿಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ, ಕಡೆಗೆ ಮಜ್ಜಿಗೆ. ಬೇರೆ ಏನನ್ನೂ ಅವಳು ಕಲಿಯಲಿಲ್ಲ, ಕಲಿಯುವ ಆಸೆಯೂ ಅವಳಿಗಿರಲಿಲ್ಲ. ದಾವೆ ಸೋತು ಬಂದವರು ಕೂಡ ಆ ಸಾರನ್ನು ಇನ್ನೊಂದು ಸಲ ಹಾಕಿಸಿಕೊಂಡು, ಮುಖ ಅಗಲ ಮಾಡಿಕೊಂಡು ಎದ್ದು ಹೋಗುತ್ತಿದ್ದರು. ನಾನು ಬೆಳೆದದ್ದು, ಮದುವೆಯಾದದ್ದು, ನಾಲ್ಕು ಜನರ ನಡುವೆ ಈರಣ್ಣನವರು ಅನ್ನಿಸಿಕೊಂಡದ್ದು ಎಲ್ಲ ಆ ಸಾರಿನಿಂದಲೇ.

ಒಂದು ವಿಷಯ ಹೇಳಬೇಕು. ಅವ್ವ ಅಡುಗೆಯನ್ನು ಬಾಯಿಗಿಟ್ಟು ನೋಡುತ್ತಿರಲಿಲ್ಲ. ಮೊದಲ ಎಡೆ ಅಯ್ನೋರಿಗೆ — ಅಂದರೆ ದಿನವೂ ನಮ್ಮಲ್ಲಿಗೆ ಬರುತ್ತಿದ್ದ ವೃದ್ಧ ಜಂಗಮರಿಗೆ. ಅವರ ಎಡೆಗೆ ಬಡಿಸುವ ಮುಂಚೆ ನಾಲಿಗೆ ತಾಗಿಸಿದರೆ ಅದು ಎಂಜಲು, ಆಮೇಲೆ ಅದು ಪ್ರಸಾದವಾಗುವುದಿಲ್ಲ. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲ ಕೈ ಅಂದಾಜು. ಅವಳು ಹರಳುಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಕ್ಷಣ ಕೈಯನ್ನು ಹಾಗೇ ತೂಗಿ, ಕೊಳಗಕ್ಕೆ ಬಿಡುತ್ತಿದ್ದಳು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಅಷ್ಟೊಂದು ಕೆಲಸದ ನಡುವೆ ಹಾಕಿದೆನೋ ಇಲ್ಲವೋ ಎಂದು ಮರೆತುಬಿಟ್ಟರೆ? ರುಚಿ ನೋಡಿ ತಿಳಿಯುವ ದಾರಿ ಇಲ್ಲವಲ್ಲ. ಅದಕ್ಕೇ ಅವಳದೊಂದು ಕ್ರಮವಿತ್ತು. ಉಪ್ಪು ಬಿದ್ದ ಕೂಡಲೇ ಮುಚ್ಚಳ ಮುಚ್ಚಿ, ಗೂಡಿನಲ್ಲಿದ್ದ ವಿಭೂತಿ ಗಟ್ಟಿಗೆ ಬೆರಳು ತಾಗಿಸಿ, ಮುಚ್ಚಳದ ಮೇಲೆ ಅಡ್ಡಕ್ಕೆ ಒಂದು ಗೆರೆ. ಗೆರೆ ಇದ್ದರೆ ಉಪ್ಪಾಗಿದೆ. ಗೆರೆ ಇಲ್ಲದಿದ್ದರೆ ಆಗಿಲ್ಲ. ನನ್ನ ಹೆಂಡತಿ ಪಾರ್ವತಮ್ಮ ಈ ಮನೆಗೆ ಬಂದ ಮೊದಲ ದಿನ ಕಲಿತದ್ದೇ ಅದು.

ಆಗ ದುರ್ಗಕ್ಕೆ ರೈಲು ಬರುತ್ತದಂತೆ ಎಂಬ ಸುದ್ದಿ ಹಬ್ಬಿತ್ತು. ನನ್ನ ತಲೆ ನೆಟ್ಟಗೆ ನಿಲ್ಲಲಿಲ್ಲ. ದಾವಣಗೆರೆಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಕೊಂಡು ಬಂದೆ. ಬೆಂಚು, ಮೇಜು, ಪಿಂಗಾಣಿ ಕಪ್ಪಿನಲ್ಲಿ ಹೊಗೆಯಾಡುವ ಕಾಫಿ, ಬೆಳಗಿನಿಂದ ಸಂಜೆಯವರೆಗೆ ಒಲೆ ಆರದ ಅಡುಗೆಮನೆ. ನಮ್ಮದು ಅವ್ವನ ಒಬ್ಬಳ ಕೈ. ಮಧ್ಯಾಹ್ನ ಒಂದು ಹೊತ್ತು, ಇರುವಷ್ಟು ಜನಕ್ಕೆ ಬಡಿಸಿದರೆ ಮುಗಿಯಿತು. ಅಲ್ಲಿಂದ ಒಬ್ಬ ಅಡುಗೆಯವನನ್ನು ಕರೆಸುತ್ತೀನಿ ಅಂದೆ. ಅವನು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವವನು ಅಲ್ಲವೇನಪ್ಪ ಎಂದು ಅವ್ವ ಕೇಳಿದಳು. ಹೌದು, ಎಲ್ಲ ಕಡೆ ಹಾಗೇ ಅಂದೆ. ಹಾಗಿದ್ದರೆ ಬೇಡ, ತಾನಿರುವತನಕ ಒಲೆಯ ಮುಂದೆ ತಾನೇ, ಹೋದ ಮೇಲೆ ನಿನ್ನ ಇಷ್ಟ ಎಂದುಬಿಟ್ಟಳು. ಕೂಗಾಡಲಿಲ್ಲ. ಬೇಳೆ ಆರಿಸುತ್ತಲೇ ಹೇಳಿದಳು. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ. ಎಷ್ಟು ಸಲ ತಲೆ ತಿಂದರೂ ಅದೇ.

ಅವಳಿಗೆ ವಯಸ್ಸಾಯಿತು, ವಿಶ್ರಾಂತಿ ಸಿಗಲಿ — ಎಂದು ಊರವರ ಮುಂದೆ ಹೇಳಿಕೊಂಡು ತಿರುಗಿದೆ. ನನಗೆ ನಾನೇ ಹೇಳಿಕೊಂಡೆ ಕೂಡ. ಥೂ. ವಿಶ್ರಾಂತಿಯಂತೆ! ನನಗೆ ಬೇಕಾಗಿದ್ದದ್ದು ಆ ಒಲೆಯ ಮುಂದಿನ ಜಾಗ.

ಅವತ್ತು ಶ್ರಾವಣ ಸೋಮವಾರ. ಎಂದಿಗಿಂತ ಜನ ಜಾಸ್ತಿ. ಹೊರಕೆರೆದೇವಪುರದ ಕಡೆಯಿಂದ ಯಾರದೋ ಬೀಗರ ಗುಂಪೊಂದೂ ಬಂದು ಕೂತಿತ್ತು. ಅವ್ವ ಸಾರಿಗೆ ಉಪ್ಪು ಬಿಟ್ಟಳು, ಮುಚ್ಚಿದಳು, ಗೆರೆ ಎಳೆದಳು. ನಾನು ನೀರಿನ ಹಂಡೆಯ ಪಕ್ಕ ನಿಂತು ನೋಡುತ್ತಿದ್ದೆ. ಅಷ್ಟರಲ್ಲಿ ಅಯ್ನೋರು ಬಂದರು. ಪಾದ ತೊಳೆಯಲು ಅವ್ವ ತಂಬಿಗೆ ಹಿಡಿದು ಹೊರಗೆ ಹೋದಳು. ಪಾರ್ವತಮ್ಮ ಜಗುಲಿಯಲ್ಲಿ ಎಡೆ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ನಾನೊಬ್ಬನೇ.

ಮುಚ್ಚಳ ಬಿಸಿಯಾಗಿತ್ತು. ಗೆರೆ ಒಣಗಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ವಲ್ಲಿಯ ತುದಿಯಿಂದ ಒಂದು ಸಲ ಎಳೆದೆ, ಹೋಯಿತು. ಬಿಳಿಯ ಬಟ್ಟೆಯಲ್ಲಿ ವಿಭೂತಿ ಕಾಣುವುದೂ ಇಲ್ಲ. ದೇವರ ಹೆಸರಿನಲ್ಲಿ ಹಣೆಗೆ ಇಡುವುದನ್ನು ಹೀಗೆ ಒರೆಸಿ ಹಾಕಿದೆ.

ಅವ್ವ ಒಳಗೆ ಬಂದಳು. ಸೌಟು ತೆಗೆದುಕೊಳ್ಳಲು ಹೋದವಳು ಮುಚ್ಚಳ ನೋಡಿ ನಿಂತುಬಿಟ್ಟಳು. ಬೆರಳ ತುದಿಯನ್ನು ನೋಡಿಕೊಂಡಳು — ಉಪ್ಪು ಹಾಕಿದ್ದರೆ ಅಲ್ಲಿ ವಿಭೂತಿಯಾದರೂ ಇರಬೇಕಲ್ಲ ಎಂದು. ಪಾದ ತೊಳೆದ ನೀರಿನಲ್ಲಿ ಅದು ತೊಳೆದು ಹೋಗಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

"ಈರ, ನಾನು ಉಪ್ಪು ಹಾಕಿದ್ನೇನಪ್ಪ?"

ನಾನು ಹೇಳಿದ್ದು ಒಂದೇ ಮಾತು.

"ಗೆರೆ ಇಲ್ವಲ್ಲವ್ವ."

ಅದು ಸುಳ್ಳಲ್ಲ, ನೋಡಿ. ಗೆರೆ ಇರಲಿಲ್ಲ. ಎಷ್ಟೋ ವರ್ಷ ಈ ಒಂದು ಎಳೆಯನ್ನು ಹಿಡಿದು ನೇತಾಡಿದೆ — ಸುಳ್ಳು ಹೇಳಲಿಲ್ಲವಲ್ಲ ನಾನು, ಅಂತ. ಹಾಕಿದ ನೆನಪು ಅವಳಿಗಿತ್ತು, ಅದು ಅವಳ ಮುಖದ ಮೇಲೇ ಇತ್ತು. ಆದರೆ ಮುಚ್ಚಳ ಇಲ್ಲ ಅನ್ನುತ್ತಿತ್ತು, ಹೆತ್ತ ಮಗನೂ ಇಲ್ಲ ಅನ್ನುತ್ತಿದ್ದ. ಅವಳು ಮುಷ್ಟಿ ತುಂಬ ಉಪ್ಪು ತೆಗೆದುಕೊಂಡು, ತೂಗಿ, ಕೊಳಗಕ್ಕೆ ಬಿಟ್ಟಳು. ಮತ್ತೆ ಗೆರೆ ಎಳೆದಳು.

ಮೊದಲ ಎಡೆ ಅಯ್ನೋರಿಗೆ ಹೋಯಿತು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಹುಬ್ಬೂ ಅಲುಗಲಿಲ್ಲ. ಎಡೆಗೆ ಬಂದದ್ದು ಪ್ರಸಾದ, ಅದನ್ನು ಬಿಡುವ ಹಾಗಿಲ್ಲ. ಪೂರ್ತಿ ಉಂಡರು. ಕಡೆಗೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದರು, ಎಂದಿನ ಹಾಗೆ. ನಡುವೆ ಮತ್ತೆ ಮತ್ತೆ ನೀರು ಕೇಳಿದರು. ಅವ್ವ ಬಾಗಿಲ ಹತ್ತಿರ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು.

ಪಂಕ್ತಿಯಲ್ಲಿ ಕೂತವರು ಅಷ್ಟು ತಾಳ್ಮೆಯವರಲ್ಲ. ಬೀಗರ ಕಡೆಯವರು ಗುಸುಗುಸು ಶುರುಮಾಡಿದರು. ವರ್ಷಗಟ್ಟಲೆ ನಮ್ಮಲ್ಲೇ ಉಣ್ಣುತ್ತಿದ್ದ ಹಿರಿಯೂರಿನ ಗೌಡರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೇ ಅಂದರು:

"ಏನ್ರವ್ವ ಹಾಲಮ್ಮ, ಇವತ್ತು ಮಾರಿಕಣಿವೆ ಡ್ಯಾಮಿನ ನೀರೆಲ್ಲ ಕುಡುದ್ರೂ ನಮ್ಮ ದಾಹ ಹೋಗಂಗಿಲ್ಲ ಬಿಡ್ರಿ."

ಜಗುಲಿ ತುಂಬ ನಗು. ಅವ್ವನೂ ನಗಲು ನೋಡಿದಳು. ಎಲ್ಲರಿಗೂ ತಾನೇ ಮಜ್ಜಿಗೆ ಸುರಿಯುತ್ತಾ ಹೋದಳು, ತಪ್ಪಾತಪ್ಪ, ತಪ್ಪಾತು ಎಂದು ಒಬ್ಬೊಬ್ಬರ ಮುಂದೆಯೂ ಬಗ್ಗುತ್ತಾ. ನನ್ನ ತಾಯಿ ಅಷ್ಟು ಸಣ್ಣಗಾದದ್ದನ್ನು ನಾನು ಅಂದೇ ನೋಡಿದ್ದು.

ಎಲ್ಲರೂ ಎದ್ದು ಹೋದ ಮೇಲೆ ಅವಳು ತನಗೆ ಬಡಿಸಿಕೊಂಡಳು. ಒಂದು ತುತ್ತಿಗೇ ಅವಳಿಗೆ ತಿಳಿಯಿತು. ಆಮೇಲೆ ಅಷ್ಟನ್ನೂ ತಿಂದಳು. ಪಾರ್ವತಮ್ಮ ತಟ್ಟೆ ಕಿತ್ತುಕೊಳ್ಳಲು ಹೋದರೂ ಕೊಡಲಿಲ್ಲ. ತಟ್ಟೆ ತೊಳೆದು ಕುಡಿದು, ಸೌಟನ್ನು ತಂದು ನನ್ನ ಮುಂದಿಟ್ಟಳು.

"ನನ್ನ ನೆಪ್ಪು ಹೋತಪ್ಪ. ಅಯ್ನೋರ ಎಡೆಗೇ ಹಿಂಗಾತು ಅಂದ್ರೆ ಇನ್ನು ನಾನು ಒಲೆ ಮುಂದೆ ಕುಂದ್ರಬಾರ್ದು. ನೀನು ಯಾರನ್ನ ಕರೆಸ್ತೀಯೋ ಕರೆಸ್ಕ."

ಆಗ ಬಾಯಿ ಬಿಟ್ಟಿದ್ದರೆ — ಅವ್ವ, ನೀನು ಹಾಕಿದ್ದೆ, ನಾನೇ ಒರೆಸಿದೆ — ಎರಡು ಏಟು ಹಾಕುತ್ತಿದ್ದಳೇನೋ, ಅಳುತ್ತಿದ್ದಳೇನೋ. ಮರುದಿನ ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಅದು ನನಗೆ ಬೇಕಿರಲಿಲ್ಲ. ಸೌಟು ತೆಗೆದುಕೊಂಡೆ.

ಬೆಂಚು ಬಂತು, ಮೇಜು ಬಂತು, ಪಿಂಗಾಣಿ ಕಪ್ಪು ಬಂತು. ದಾವಣಗೆರೆಯವನು ಬಂದ. ಆಮೇಲೆ ರೈಲೂ ಬಂತು. ಬೋರ್ಡಿನ ಮೇಲೆ ಏನು ಬರೆಸಿದೆ ಗೊತ್ತೇ? 'ಹಾಲಮ್ಮನವರ ಖಾನಾವಳಿ.' ಜನ ಬರುತ್ತಿದ್ದದ್ದು ಆ ಹೆಸರಿಗೆ, ಅದನ್ನು ಬಿಡುವಷ್ಟು ದಡ್ಡ ನಾನಲ್ಲ. ಹೆಸರಿನವಳನ್ನು ಒಳಗಿನ ಮೂಲೆಗೆ ಕೂರಿಸಿ ಹೆಸರನ್ನು ಬೀದಿಗೆ ನೇತುಹಾಕಿದೆ.

ನಾನು ಅಂದುಕೊಂಡದ್ದು ಒಲೆಯೊಂದು ಹೋಗುತ್ತದೆ ಅಂತ. ಹೋದದ್ದು ಅಷ್ಟೇ ಅಲ್ಲ. ಅವ್ವನಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ಬಾಗಿಲು ಹಾಕಿ ಬಂದವಳು, ಹಾಕಿದೆನೇ ಎಂದು ಕೇಳುವಳು. ದೀಪಕ್ಕೆ ಎಣ್ಣೆ ಎರೆದೆನೇ? ಸ್ನಾನ ಆಯಿತೇ ನನ್ನದು? ಮೊದಮೊದಲು ನಾವು ನಿಧಾನವಾಗಿ ಹೇಳುತ್ತಿದ್ದೆವು, ಆಮೇಲಾಮೇಲೆ ಸಿಡುಕಿದೆವು. ಪಾರ್ವತಮ್ಮ ಸಾರಿನ ಹದ ಕೇಳಿದರೆ ಕಾಳೆಷ್ಟು, ಹುಣಸೆಯೆಷ್ಟು, ಕೊತ್ತಂಬರಿ ಎಷ್ಟು ಹುರಿಯಬೇಕು ಎಲ್ಲ ಚಾಚೂ ತಪ್ಪದೆ ಹೇಳುವಳು. ಉಪ್ಪು ಎಂದ ಕೂಡಲೇ, ಅದೊಂದು ನನ್ನ ಕೇಳಬೇಡ ತಾಯಿ, ಎಂದು ಮುಖ ತಿರುಗಿಸುವಳು. ನೆಪ್ಪು ಹೋದವಳು ಅಷ್ಟನ್ನೆಲ್ಲ ಹೇಗೆ ಹೇಳುತ್ತಾಳೆ ಎಂದು ಯಾರೂ ಯೋಚಿಸಲಿಲ್ಲ. ನನಗೊಬ್ಬನಿಗೆ ಗೊತ್ತಿತ್ತು.

ಒಮ್ಮೆ ನನಗೆ ಜೋರು ಜ್ವರ. ಹೆಂಡತಿ ತವರಿಗೆ ಹೋಗಿದ್ದಳು. ಅಡುಗೆಯವನು ಮಾಡಿದ್ದು ಬಾಯಿಗೆ ಸೇರದು. ಅವ್ವ ತಾನೇ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ರಾಗಿ ಗಂಜಿ ಕಾಯಿಸಿ ತಂದಳು. ಒಂದು ಕೈಯಲ್ಲಿ ಗಂಜಿಯ ಬಟ್ಟಲು. ಇನ್ನೊಂದು ಅಂಗೈಯಲ್ಲಿ ನಾಲ್ಕು ಹರಳು ಉಪ್ಪು. ಅಂಗೈ ನನ್ನ ಮುಂದೆ ಚಾಚಿದಳು.

"ನೀನೇ ಹಾಕ್ಕಳಪ್ಪ. ನನ್ನ ಕೈ ನಂಬಬ್ಯಾಡ."

ಆ ಹರಳನ್ನು ಅವಳ ಕೈಯಿಂದ ತೆಗೆದುಕೊಂಡೆ. ಹಾಕಿಕೊಂಡೆ, ಕುಡಿದೆ. ಚೆನ್ನಾಗಿದೆಯವ್ವ ಅಂದೆ. ಜ್ವರದ ನೆಪದಲ್ಲಿ ಮುಸುಕು ಹಾಕಿಕೊಂಡು ಅತ್ತೆ. ಆಗಲೂ ಹೇಳಲಿಲ್ಲ. ಅದಾದ ಮೇಲೆ ಬಂದ ಚಳಿಗಾಲದಲ್ಲಿ ಅವಳು ಹೋದಳು, ತನ್ನ ಕೈಯೇ ಕೆಟ್ಟಿತು ಎಂದು ನಂಬಿಕೊಂಡೇ ಹೋದಳು.

ಕ್ಷಮೆ ಕೇಳೋಣ ಎಂದರೆ ಕೊಡಬೇಕಾದವಳು ಇಲ್ಲ. ಕೊಡುವವಳು ಇದ್ದಾಗ ಕೇಳುವ ಮುಖ ನನಗಿರಲಿಲ್ಲ ಎಂಬುದನ್ನು ಈಗಷ್ಟೇ ಹೇಳಿದೆನಲ್ಲ. ಆದರೆ ಅವಳ ಹೆಸರು ಇನ್ನೂ ನಮ್ಮ ಪಂಕ್ತಿಯಲ್ಲಿ ಕೂತವರ ಬಾಯಲ್ಲಿದೆ, ನಗೆಗೆ ಸಿಕ್ಕಿದೆ. ಅದನ್ನಾದರೂ ಬಿಡಿಸಬೇಕು.

ನಾಳೆ ಹಿರಿಯರ ಹಬ್ಬ. ಅವ್ವನ ಹೆಸರಿನಲ್ಲಿ ಎಡೆ ಇಡುತ್ತೇವೆ. ಮಕ್ಕಳು, ಸೊಸೆಯಂದಿರು, ಗಿರಿಜೆ ಎಲ್ಲರೂ ಇರುತ್ತಾರೆ. ಪಾರ್ವತಮ್ಮನೂ ಇರುತ್ತಾಳೆ. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಿಗೆ ಈ ಮಾತು ಹೊಸದು. ಹುರುಳಿಕಾಳಿನ ಸಾರು ನಾನೇ ಮಾಡುತ್ತೀನಿ, ಬಾಯಿಗಿಟ್ಟು ನೋಡದೆ. ಉಪ್ಪು ಬಿಟ್ಟ ಮೇಲೆ ಮುಚ್ಚಳದ ಮೇಲೆ ಗೆರೆ ಎಳೆಯುತ್ತೀನಿ. ಯಾರೂ ತುತ್ತು ಎತ್ತುವ ಮುಂಚೆ, ಎಡೆಯ ಮುಂದೆ ನಿಂತು, ಅವಳು ಅವತ್ತು ಕೇಳಿದ್ದಕ್ಕೆ ಎಲ್ಲರ ಎದುರಿಗೆ ಉತ್ತರ ಕೊಡುತ್ತೀನಿ.

ಹಾಕಿದ್ದೆ ಅವ್ವ. ನೀನು ಉಪ್ಪು ಹಾಕಿದ್ದೆ.