ಮಿಸ್‌ಗೆ ಕೊಟ್ಟ ರವಿಕೆ ಕಣ

ತಿಳಿಹಸಿರು ರವಿಕೆ ಕಣದ ಮೂಲೆಯಲ್ಲಿ ಅಂಗಡಿಯ ಗುಂಡುಪಿನ್ನು ಹಾಗೇ ಉಳಿದಿತ್ತು. ಅದರ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ, ತೆಂಗಿನಕಾಯಿಯ ಬದಲಿಗೆ ಒಂದು ಕಿತ್ತಳೆ. ಇಷ್ಟನ್ನು ಮಡಿಲಲ್ಲಿಟ್ಟುಕೊಂಡು, ಬರ್ಮಿಂಗ್‌ಹ್ಯಾಮಿನ ಪಕ್ಕದ ಸೊಲಿಹಲ್‌ನಿಂದ ಹೊರಟ ಬಸ್ಸಿನ ಮೇಲಂತಸ್ತಿನಲ್ಲಿ ಕೂತು, ಇದು ಪ್ರೀತಿಯೋ ಲಂಚವೋ ಎಂದು ಯೋಚಿಸುತ್ತಿದ್ದೆನೆಂದರೆ ನಿಮಗೆ ನಗು ಬರಬಹುದು.

ನಾನಾಗ ಬರ್ಮಿಂಗ್‌ಹ್ಯಾಮಿನ ಶಾಲೆಯೊಂದರಲ್ಲಿ ಗಣಿತದ ಹೊಸ ಟೀಚರು. ಇಲ್ಲಿ ತರಬೇತಿ ಮುಗಿಸಿದರಷ್ಟೇ ಸಾಲದು. ಮೊದಲ ಎರಡು ವರ್ಷ ನಮ್ಮ ಪಾಠವನ್ನೂ ನಡತೆಯನ್ನೂ ಹಿರಿಯರು ತೂಗುತ್ತಾರೆ, ಅದರಲ್ಲಿ ಸೋತರೆ ಸರ್ಕಾರಿ ಶಾಲೆಗಳ ಬಾಗಿಲು ಮುಚ್ಚಿದಂತೆಯೇ. ಗೆದ್ದ ಮೇಲೂ ತಲೆಯ ಮೇಲೊಂದು ಸಂಸ್ಥೆಯಿದೆ. ಗಂಭೀರ ದೂರುಗಳನ್ನು ವಿಚಾರಿಸಿ, ತಪ್ಪಿತಸ್ಥರನ್ನು ವೃತ್ತಿಯಿಂದಲೇ ಹೊರಗಿಟ್ಟು, ಹೆಸರು ಸಮೇತ ತೀರ್ಪನ್ನು ಲೋಕವೆಲ್ಲ ಓದುವಂತೆ ಪ್ರಕಟಿಸುವ ಸಂಸ್ಥೆ ಅದು. ಬೇರೆಯವರು ಅಡುಗೆಯ ವಿಡಿಯೊ ನೋಡುವಂತೆ ನಾನು ಆ ತೀರ್ಪುಗಳನ್ನು ಓದುತ್ತಿದ್ದೆ. ಒಂದು ಸಂದೇಶ, ಕಾರಿನಲ್ಲೊಂದು ಲಿಫ್ಟು, ಒಂದು ಉಡುಗೊರೆ: ಎಲ್ಲವೂ ಸಣ್ಣದರಿಂದಲೇ ಶುರುವಾದಂತೆ ನನಗೆ ಕಾಣುತ್ತಿತ್ತು.

ನವರಾತ್ರಿಯ ಆ ಭಾನುವಾರ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ನಾಗಶ್ರೀ ಗೊಂಬೆ ನೋಡಲು ಕರೆದಳು. ಯಾರ ಮನೆಯೆಂದು ನಾನು ಕೇಳಲಿಲ್ಲ. ಬಾಗಿಲು ತೆರೆದವಳು ನನ್ನ ತರಗತಿಯ ಅನ್ವಿತಾ.

“ಮಿಸ್, ವೈ ಆರ್ ಯೂ ಇನ್ ಮೈ ಹೌಸ್?”

ನನ್ನಲ್ಲೂ ಅದೇ ಪ್ರಶ್ನೆಯಿತ್ತು. ಅವಳ ತಾಯಿ ವೀಣಾ ಕೈಹಿಡಿದು ಒಳಗೆ ಕರೆದೊಯ್ದರು, ಕೋಸಂಬರಿ ಕೊಟ್ಟರು, ಹೊರಡುವಾಗ ಕುಂಕುಮವಿಟ್ಟು ಈ ರವಿಕೆ ಕಣ ಕೊಟ್ಟರು. ಬೇಡವೆಂದೆ. “ಹಬ್ಬದ ದಿನ ಹೆಣ್ಮಕ್ಕಳನ್ನ ಬರೀ ಕೈಯಲ್ಲಿ ಕಳಿಸ್ತಾರೇನ್ರೀ?” ಎಂದರು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ದನಿ ತಗ್ಗಿಸಿ, “ಟಾಪ್ ಸೆಟ್‌ಗೆ ಹೋಗ್ಬೇಕು ಅಂತ ತುಂಬಾ ಆಸೆ ಅವಳಿಗೆ. ನೀವೊಂದು ಮಾತು ಹೇಳಿದ್ರೆ ಆಗುತ್ತಂತಲ್ಲ” ಎಂದರು. ಇಲ್ಲಿ ಗಣಿತಕ್ಕೆ ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಸೆಟ್‌ಗಳಾಗಿ ವಿಂಗಡಿಸುತ್ತಾರೆ, ಟಾಪ್ ಸೆಟ್ ಎಂದರೆ ಎಲ್ಲರಿಗಿಂತ ಮುಂದಿರುವವರ ಗುಂಪು.

ಬಸ್ಸಿನಲ್ಲಿ ನಾಗಶ್ರೀಗೆ ಹೇಳಿದರೆ, “ನಿಂಗೆ ಕುಂಕುಮ ಇಡೋಕೂ ವಕೀಲರು ಬೇಕೇನೇ?” ಎಂದು ನಕ್ಕಳು. ಅವಳ ನಗುವಿನ ಮೇಲೂ ನನಗೆ ಅನುಮಾನ ಬಂತು. ನನ್ನನ್ನು ಕರೆತರಲು ಹೇಳಿದವರು ಯಾರು?

ನಿಜವಾದ ತೊಡಕು ಬೇರೆಯೇ ಇತ್ತು. ಅನ್ವಿತಾ ಬುದ್ಧಿವಂತೆ; ಅವಳನ್ನು ಮೇಲಿನ ಸೆಟ್‌ಗೆ ಶಿಫಾರಸು ಮಾಡಬೇಕೆಂದು ಆ ಭಾನುವಾರಕ್ಕೆ ಮೊದಲೇ ನಿರ್ಧರಿಸಿದ್ದೆ. ಈಗ ಮಾಡಿದರೆ ಬಟ್ಟೆಗೆ ಸೋತವಳು, ಮಾಡದಿದ್ದರೆ ನನ್ನ ಕೆಲಸ ಹೋದೀತೆಂಬ ಭಯಕ್ಕೆ ಒಂದು ಮಗುವನ್ನು ಬಲಿಕೊಟ್ಟವಳು. ನಮ್ಮ ಕಡೆ ಮೇಷ್ಟರ ನಡತೆಯನ್ನು ಊರಿನ ಬಾಯಿ ಕಾಯುತ್ತದೆ, ಆ ಬಾಯಿಯ ಮೇಲೂ ನನಗೆ ನಂಬಿಕೆಯಿಲ್ಲ. ಆದರೆ ಅದಕ್ಕೆ ತಾಂಬೂಲವೆಂದರೇನೆಂದು ಗೊತ್ತು. ಮುಖವನ್ನೇ ನೋಡದ ಈ ಸಂಸ್ಥೆ ನನ್ನ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ, ಆದರೂ ಹಬ್ಬದ ಮನೆಯೊಂದನ್ನು ಅದರ ಕಣ್ಣಿನಿಂದಲೇ ನೋಡಿ ಬಂದಿದ್ದೆ. ಮಕ್ಕಳನ್ನು ಕಾಯಲು ಅಂಥ ಕಣ್ಣು ಬೇಕು, ಒಪ್ಪುತ್ತೇನೆ. ಅದೇ ಕಣ್ಣು ಒಮ್ಮೊಮ್ಮೆ ಮಗುವನ್ನು ಬಿಟ್ಟು ಟೀಚರನ್ನಷ್ಟೇ ಕಾಯತೊಡಗುತ್ತದಲ್ಲ, ನನ್ನ ಸಂಶಯವೆಲ್ಲ ಅಲ್ಲಿ.

ಮರುದಿನ ಬೆಳಿಗ್ಗೆ, ಮೊದಲ ಗಂಟೆ ಹೊಡೆಯುವ ಮುಂಚೆ, ಗಣಿತ ವಿಭಾಗದ ಮುಖ್ಯಸ್ಥೆಯ ಮೇಜಿನ ಮೇಲೆ ಆ ಬಟ್ಟೆಯನ್ನಿಟ್ಟು, ಹೋದದ್ದನ್ನೂ ಕೇಳಿಸಿಕೊಂಡದ್ದನ್ನೂ ಹೇಳಿದೆ. ಆಕೆ ಎಲ್ಲವನ್ನೂ ಬರೆದುಕೊಂಡು ಪೆನ್ನು ಮುಚ್ಚಿದರು. ಇನ್ನೂ ಇದೆ, ಬರೆದುಕೊಳ್ಳಿ ಎಂದೆ: ಅನ್ವಿತಾ ಟಾಪ್ ಸೆಟ್‌ನಲ್ಲಿ ಇರಬೇಕಾದವಳು.