ಚದುರಂಗದ ಕೋಣೆಗೊಂದು ಕನ್ನಡ ಪುಸ್ತಕ

ನನ್ನ ಯಜಮಾನರು ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ ನಿವೃತ್ತರಾದ ಮೇಲೆ ನಾವು ಮಂಡ್ಯಕ್ಕೆ ಬಂದೆವು. ಲಾರಿಯಲ್ಲಿ ಪಾತ್ರೆಪಡಗಕ್ಕಿಂತ ಪುಸ್ತಕಗಳೇ ಹೆಚ್ಚಿದ್ದವು. ಎಲ್ಲವೂ ಚದುರಂಗದವೇ. ಪಾಳಿಯ ಬಿಡುವಿನಲ್ಲಿ ಆಡುತ್ತ ಹತ್ತಿದ ಹುಚ್ಚು ಅದು. ರಷ್ಯನ್ ಭಾಷೆಯವೂ ಇದ್ದವು. "ಓದೋಕೆ ಬರಲ್ವಲ್ಲ?" ಎಂದರೆ, "ಚಿತ್ರ ನೋಡಿದ್ರೆ ಆಟ ಗೊತ್ತಾಯ್ತದೆ, ಬುಡು" ಎನ್ನುವರು. ಬೀದಿ ಕಡೆಯ ಕೋಣೆಗೆ ಕಪಾಟು ಮಾಡಿಸಿ, ಗೇಟಿಗೆ 'ಚದುರಂಗ ಗ್ರಂಥಾಲಯ, ಯಾರು ಬೇಕಾದರೂ ಬನ್ನಿ' ಎಂದು ಬೋರ್ಡು ಹಾಕಿದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಕಾಯಿ ನಡೆಸುವುದಷ್ಟೇ ಗೊತ್ತಿದ್ದ ನನಗೆ ರಿಜಿಸ್ಟರು ಬರೆಯುವ ಕೆಲಸ ಬಿತ್ತು.

ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕೊತ್ತತ್ತಿಯವರು. ಗೊಬ್ಬರಕ್ಕೆಂದು ಪೇಟೆಗೆ ಬಂದು ಬೋರ್ಡು ನೋಡಿದ್ದರು.

"ನಮ್ಮನೆಯವ್ರು ದಿನಾ ಆಡಾಕೆ ಕೂರುಸ್ಕತಾರೆ ಕಣಮ್ಮ. ಸೋಲ್ಸಿ ಸೋಲ್ಸಿ ನಗ್ತಾರೆ. ಯಾಕೆ ಸೋತೆ ಅಂತ ಮಾತ್ರ ಯೋಳಾಕಿಲ್ಲ. ಒಂದು ಒಳ್ಳೆ ಪುಸ್ತಕ ಕೊಡಿ."

ಯಜಮಾನರು ಹುರುಪಿನಿಂದ ನಾಲ್ಕು ಪುಸ್ತಕ ತಂದಿಟ್ಟರು. ಆಕೆ ಒಂದೊಂದನ್ನೇ ತೆರೆದು ಮುಚ್ಚಿದರು.

"ಕನ್ನಡದ್ದು ಇಲ್ವಾ ಸಾ?"

ಅಷ್ಟು ಕಪಾಟಿನಲ್ಲಿ ಒಂದೂ ಇರಲಿಲ್ಲ. ಯಜಮಾನರ ಮುಖ ಚಿಕ್ಕದಾಯಿತು. "ಮುಂದಿನ ತಿಂಗಳು ಬನ್ನಿ, ಇರ್ತದೆ" ಎಂದುಬಿಟ್ಟರು.

ಅಂಗಡಿಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಬರೀ ನಿಯಮ ಹೇಳುವ ತೆಳ್ಳನೆಯ ಪುಸ್ತಕ. ಅಷ್ಟು ಆಕೆಗೆ ಗೊತ್ತಿತ್ತು. "ನೀವು ಹೇಳಿ, ನಾನು ಬರೀತೀನಿ" ಎಂದು ನೋಟ್‌ಬುಕ್ ಹಿಡಿದು ಯಜಮಾನರ ಮುಂದೆ ಕೂತೆ.

"ಕುದುರೇನ ಮಧ್ಯಕ್ಕೆ ತರಬೇಕು, ಬರ್ಕೊ" ಎಂದರು.

"ಯಾಕೆ?"

"ಅದು ಎಲ್ರಿಗೂ ಗೊತ್ತಿರೋದೇ."

"ನಂಗೆ ಗೊತ್ತಿಲ್ಲ. ಆಯಮ್ಮಂಗೂ ಗೊತ್ತಿರಲ್ಲ."

ಸಿಡುಕಿದರು. ಆಮೇಲೆ ಕುದುರೆಯನ್ನು ಮೂಲೆಯಲ್ಲಿಟ್ಟು, ಅದು ಎಷ್ಟು ಮನೆಗೆ ಹೋಗಬಲ್ಲದೆಂದು ಎಣಿಸಲು ಹೇಳಿದರು. ಎರಡು. ಮಧ್ಯದಲ್ಲಿಟ್ಟರು. ಎಂಟು! ನಾನು "ಅಯ್ಯೋ, ಹೌದಲ್ರೀ" ಎಂದೆ. ಅವರು ನಕ್ಕರು. ಇಷ್ಟು ವರ್ಷ ಸಂಸಾರ ಮಾಡಿ, ಆ ಮಣೆಯಲ್ಲಿ ಅವರಿಗೆ ಏನು ಕಾಣುತ್ತಿತ್ತೆಂದು ನನಗೆ ಅಂದೇ ತಿಳಿದದ್ದು. ಆಮೇಲೆ ದಿನವೂ ತಿಂಡಿಯಾದೊಡನೆ ಅವರೇ ನೋಟ್‌ಬುಕ್ ತಂದು ಮುಂದಿಡುತ್ತಿದ್ದರು.

ಮುಂದಿನ ತಿಂಗಳು ಆಕೆ ಬಂದು ಆ ನೋಟ್‌ಬುಕ್ಕನ್ನು ಒಯ್ದರು. ಕೆಲವು ವಾರಗಳ ಮೇಲೆ ತಿರುಗಿ ಬಂದಾಗ ಪುಟದಂಚುಗಳಲ್ಲಿ ಪೆನ್ಸಿಲಿನ ಗುರುತುಗಳಿದ್ದವು.

"ಗೆದ್ರಾ?" ಎಂದೆ.

"ಇನ್ನೂ ಇಲ್ಲ ಕಣಮ್ಮ. ಆದ್ರೆ ಈಗ ತಲೆ ಕೆರ್ಕತಾ ಕೂತ್ಕತಾರೆ" ಎಂದು ಒಂದು ಚಿತ್ರದ ಮೇಲೆ ಬೆರಳಿಟ್ಟರು. "ಸಾ, ಒಂಟೆ ಇಲ್ಲಿದ್ರೆ ರಾಜ ತಪ್ಪಿಸ್ಕೊಂಡು ಓಯ್ತಾನಲ್ಲ?"

ಯಜಮಾನರು ಕಾಯಿ ಜೋಡಿಸಿ ನೋಡಿದರು. ಚಿತ್ರದಲ್ಲಿ ಒಂಟೆಯನ್ನು ನಾನು ಒಂದು ಮನೆ ಪಕ್ಕಕ್ಕೆ ಬರೆದಿದ್ದೆ. "ಸರಿಯಾಗಿ ಹಿಡಿದ್ರಿ! ಕೂತ್ಕಳಿ, ಒಂದಾಟ ಆಡಾನ" ಎಂದು ಕುರ್ಚಿ ಎಳೆದರು.

ಅವರಿಬ್ಬರೂ ಆಡುತ್ತಿರುವಾಗ ನಾನು ಚಿತ್ರ ತಿದ್ದಿ, ನೋಟ್‌ಬುಕ್ಕನ್ನು ರಿಜಿಸ್ಟರಿಗೆ ಸೇರಿಸಿದೆ. ಕೊತ್ತತ್ತಿಯಲ್ಲಿ ಇನ್ನಿಬ್ಬರು ಹೆಂಗಸರು ಅದನ್ನು ಕೇಳಿದ್ದಾರಂತೆ. ಜೆರಾಕ್ಸ್ ಮಾಡಿಸಬಹುದು. ನಾನು ಕೈಯಲ್ಲೇ ಬರೆಯುತ್ತಿದ್ದೇನೆ, ನಿಧಾನವಾಗಿ.