ಜನರಲ್ ಸಾಹೇಬರ ಸಹಿ

ಚಿನ್ನದ ಗಣಿಯ ಊರಾದ ಊರಿಗಾಮಿನಲ್ಲಿ, ಹಳೇ ಕಂಪನಿ ಬಂಗಲೆಯ ಮುಂದೆ ಅರ್ಜಿ ಬರೆದುಕೊಟ್ಟು ಹೊಟ್ಟೆ ಹೊರೆಯುವ ನನಗೆ, ಒಳಗೆ ಕೂತಿರುವ ಕೋದಂಡಪ್ಪನವರು ಸೇನೆಯ ಜನರಲ್ಲೋ ಸರ್ಕಾರಿ ಅಧಿಕಾರಿಯೋ ಎಂಬುದು ವರ್ಷವಾದರೂ ಬಗೆಹರಿದಿಲ್ಲ. ಬಹುಶಃ ಅವರಿಗೂ ಬಗೆಹರಿದಿಲ್ಲ. ಸೇನೆಯಿಂದ ನಿವೃತ್ತರಾದ ಮೇಲೆ, ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹಕ್ಕುಪತ್ರ ಕೊಡಲೆಂದು ಸರ್ಕಾರ ಅವರನ್ನು ಇಲ್ಲಿ ಕೂರಿಸಿದೆ. ಅರ್ಜಿದಾರರನ್ನು ಅವರು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರೆ. ಬಂಗಾರಪೇಟೆಯಿಂದ ಮೊದಲ ರೈಲಿಗೇ ಬಂದ ಕುಳ್ಳರು ಕೊನೆಗೆ ಹೋಗುತ್ತಾರೆ. ಜವಾನ ಅಂಬರೀಶ ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದರಲ್ಲಿ ಸೆಲ್ಯೂಟ್ ಹೊಡೆದರೆ ಅವರೂ ಎದ್ದು ನಿಂತು ಹೊಡೆಯುತ್ತಾರೆ, ಅಷ್ಟರಲ್ಲಿ ಟೀ ಆರುತ್ತದೆ. ಹತ್ತು ಸಾವಿರ ಜನರನ್ನು ಒಂದೇ ಮಾತಿಗೆ ನಡೆಸಿದವರಿಗೆ, ಒಂದು ಫೈಲು ಪಕ್ಕದ ಮೇಜಿಗೆ ಯಾಕೆ ಹೋಗುವುದಿಲ್ಲ ಎಂಬುದು ಅರ್ಥವಾಗುವುದಿಲ್ಲ. ಕೊನೆಗೆ ತಾವೇ ಹೊತ್ತುಕೊಂಡು ಹೋಗುತ್ತಾರೆ. ನನ್ನ ಅರ್ಜಿಗಳನ್ನಂತೂ ಸಾಲಿನ ಮೇಲೆ ಬೆರಳಿಟ್ಟು ಮೂರು ಮೂರು ಸಲ ಓದುತ್ತಾರೆ. ಸಹಿ ಮಾತ್ರ ಬೇಗ ಬೀಳುವುದಿಲ್ಲ. ಮೊನ್ನೆ, ಗಣಿಯೊಳಗೆ ಗಂಡನನ್ನು ಕಳೆದುಕೊಂಡ ಮುನಿಶಾಮಮ್ಮನ ಜೊತೆ ನಾನೂ ಒಳಗೆ ಹೋಗಿದ್ದೆ. "ಒಂದ್ ಸೈನ್ ಆಕಕ್ಕೆ ಇಷ್ಟೊತ್ತಾ ಸಾಮಿ?" ಎಂದು ಅವಳು ಕೇಳಿಯೇಬಿಟ್ಟಳು. ಜನರಲ್ ಸಾಹೇಬರು ಪೆನ್ನು ಕೆಳಗಿಟ್ಟರು. "ಒಂದ್ಸಲ ಆರ್ಡರು ಪೂರ್ತಿ ಓದದೆ ಸೈನ್ ಹಾಕಿದ್ದೆ ಕಣಮ್ಮ. ಹನ್ನೊಂದು ಹುಡುಗರು ಬೆಟ್ಟ ಹತ್ತಿದರು. ಯಾರೂ ಇಳಿದು ಬರಲಿಲ್ಲ." ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. "ನಿಧಾನಕ್ಕೆ ಓದ್ಕಳಿ ಸಾಮಿ," ಎಂದಳು, "ನಾನ್ ಎಲ್ಲಿಗೂ ಓಗಲ್ಲ."